ದಪ್ಪ ಪುಟಗಳು

ಆ ದಿನ ಬೆಳಿಗ್ಗೆ ಗಂಡ ಹೆಂಡತಿ ಜಗಳವಾಡಿದ್ದು ಒಂದು ಆಮೆಯ ಸಲುವಾಗಿ.

ನಿಜವಾದ ಆಮೆಯಲ್ಲ, ಪುಸ್ತಕದ ಆಮೆ. ಹೆಂಡತಿ ಮಕ್ಕಳ ಓದುಮನೆಯಲ್ಲಿ ಆಯಾ. ಎಲ್ಲರೂ ಆಯಮ್ಮ ಎಂದೇ ಕರೆಯುವುದು. ನೆಲ ಒರೆಸುವುದು, ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ಹನ್ನೊಂದು ಗಂಟೆಗೆ ಚಿಕ್ಕ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಚಿತ್ರದ ಪುಸ್ತಕ ತೋರಿಸುತ್ತ ಕತೆ ಹೇಳುವುದು, ಇಷ್ಟು ಅವಳ ಕೆಲಸ. ಓದಿದ್ದು ಮೂರನೆಯ ತರಗತಿ. ಅವಳು ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಮಕ್ಕಳು ಎದ್ದು ಓಡಿಹೋಗುತ್ತವೆ. ಅದಕ್ಕೇ ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳುವಳು. ಮಕ್ಕಳಿಗೂ ಓದಲು ಬಾರದು. ಹೀಗಾಗಿ ಯಾರ ಗುಟ್ಟೂ ರಟ್ಟಾಗಿರಲಿಲ್ಲ.

ಗಂಡ ಬೈಂಡರ್. ಹರಿದ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವವನು. ಓದುಮನೆಯ ಹರಿದ ಪುಸ್ತಕಗಳೆಲ್ಲ ಹೆಂಡತಿಯ ಚೀಲದಲ್ಲಿ ಮನೆಗೆ ಬಂದು, ಗಂಡನ ಚೀಲದಲ್ಲಿ ಬೈಂಡಿಂಗ್ ಅಂಗಡಿಗೆ ಹೋಗಿ, ಗಟ್ಟಿಮುಟ್ಟಾಗಿ ವಾಪಸಾಗುತ್ತಿದ್ದವು. ಹರಿಯದ ಪುಸ್ತಕಗಳೂ ಕೆಲವು ಹೀಗೆ ಹೋಗಿ ಬರುತ್ತಿದ್ದವು. ಅದು ಗಂಡ ಹೆಂಡತಿಯ ನಡುವಿನ ಒಳಗುಟ್ಟು. ಯಾವ ಪುಸ್ತಕದಲ್ಲಿ ಮಕ್ಕಳು ಅಳುವಂಥ ಚಿತ್ರ ಬರುತ್ತದೋ ಅದರ ಎದುರುಬದುರಿನ ಎರಡು ಪುಟಗಳನ್ನು ಅವನು ಒಂದಕ್ಕೊಂದು ಅಂಟಿಸಿಕೊಡಬೇಕು. ಎರಡೂ ಸೇರಿ ಒಂದು ದಪ್ಪ ಪುಟವಾಗುತ್ತಿತ್ತು. ಒಳಗಿನ ಚಿತ್ರ ಒಳಗೇ ಉಳಿಯುತ್ತಿತ್ತು. ಆಯಮ್ಮ ಅದನ್ನು ಮಗುಚಿ ಏನೂ ಆಗದವಳಂತೆ ಮುಂದಕ್ಕೆ ಹೋಗುತ್ತಿದ್ದಳು.

ಆ ದಿನದ ಪುಸ್ತಕ ಹೊಸದು. ಕಪ್ಪೆಮರಿಯೊಂದು ದಿನಾ ಮುದಿ ಆಮೆಯ ಬೆನ್ನೇರಿ ಕೆರೆ ಸುತ್ತುತ್ತದೆ. ಒಂದು ದಿನ ಬಂದು ನೋಡಿದರೆ ಆಮೆ ಕೂರುತ್ತಿದ್ದ ಬಂಡೆ ಖಾಲಿ. ಎಡಗಡೆಯ ಪುಟದಲ್ಲಿ ಖಾಲಿ ಬಂಡೆ, ಬಲಗಡೆಯ ಪುಟದಲ್ಲಿ ಅಳುತ್ತ ಕೂತ ಕಪ್ಪೆಮರಿ. ಮುಂದಿನ ಪುಟದಲ್ಲಿ ಅದೇ ಕಪ್ಪೆಮರಿ ಬಾತುಮರಿಗಳಿಗೆ ಏನೋ ಹೇಳುತ್ತಿದೆ.

“ಇದೊಂದು ಬೇಡ ಕಣೇ,” ಎಂದ ಗಂಡ. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಎರಡು ಸಲ ನೋಡಿದ. “ಚೆನ್ನಾಗಿ ಬರೆದಿದಾರೆ. ಮಕ್ಕಳು ನೋಡ್ಲಿ ಬಿಡು.”

“ಏನು ನೋಡ್ಲಿ? ಆಮೆ ಸತ್ತಿರೋದನ್ನ?”

“ಅಂಟಿಸಿದ್ರೆ ಆಮೆ ಎಲ್ಲಿ ಹೋಯ್ತು ಅಂತ ಕೇಳಲ್ವಾ?”

“ಮಾವನ ಮನೆಗೆ ಹೋಯ್ತು ಅಂತೀನಿ.”

“ಆಮೆಗೆ ಮಾವನ ಮನೆ ಬೇರೆ! ಮದುವೆ ಯಾವಾಗ ಮಾಡ್ಸಿದೆ, ನನಗೆ ಹೇಳ್ಲೇ ಇಲ್ಲ?”

“ತಮಾಷೆ ಸಾಕು ರೀ. ಅಳು ಸುಧಾರಿಸೋದು ನಾನು, ನೀವಲ್ಲ. ನಿಮ್ಮ ಅಂಗಡಿ ಪುಸ್ತಕಗಳು ರಚ್ಚೆ ಹಿಡಿಯಲ್ಲ.”

“ಒಂದ್ಸಲ ಅತ್ರೆ ಮಕ್ಕಳು ಕರಗಿಹೋಗಲ್ಲ ಕಣೇ.”

“ಅಂಟಿಸ್ತೀರೋ ಇಲ್ವೋ? ಅಷ್ಟು ಹೇಳಿ.”

ಅವನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡ. “ಆಯ್ತಮ್ಮಾ. ನಿನ್ನ ಹತ್ರ ವಾದ ಮಾಡಿ ಗೆದ್ದೋರು ಯಾರಿದ್ದಾರೆ.”

ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ನಾಲ್ಕು ವರ್ಷ, ಅವಳೂ ದಿನಾ ಅಜ್ಜಿಯ ಜೊತೆ ಓದುಮನೆಗೆ ಹೋಗುವವಳು. ತಾತ ಅವಳಿಗೆ ಇಟ್ಟ ಹೆಸರು ಮೇಸ್ತ್ರಿ. ಮನೆಯಲ್ಲಿ ಯಾರು ಏನು ಮಾಡಿದರೂ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತು ಹುಕುಂ ಮಾಡುವಳು.

“ತಾತಾ, ಚಪ್ಪಲಿ ಎಡಬಲ ನೋಡ್ಕೊಂಡು ಹಾಕ್ಕೊ.”

“ಹಾಕ್ಕೊಂಡೆ ಮೇಸ್ತ್ರಿಗಳೇ.”

“ಸಾಯಂಕಾಲ ಬೇಗ ಬಾ. ನನ್ನ ಹಾಜರಿ ಪುಸ್ತಕ ಹೊಲಿದುಕೊಡ್ತೀನಿ ಅಂದಿದ್ದೆ.”

“ಬರ್ತೀನಿ. ಬಂದ ತಕ್ಷಣ ಅದೇ ಕೆಲಸ.”

ಆಯಮ್ಮ ಅವನತ್ತ ನೋಡಲಿಲ್ಲ. ಪಾತ್ರೆ ತೊಳೆಯುತ್ತಿದ್ದಳು. ಇನ್ನೂ ಸಿಟ್ಟಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಓದುಮನೆಯ ಬಾಗಿಲಿಗೆ ಕತ್ತರಿಯಣ್ಣ ಬಂದ. ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕದ ಅಂಚು ಕತ್ತರಿಸುವ ಕೆಲಸ ಅವನದು. ಗಂಡನ ಜೊತೆ ಇಪ್ಪತ್ತಾರು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿದವನು. ಅವನು ಹಗಲು ಹೊತ್ತು ಅಂಗಡಿ ಬಿಟ್ಟು ಬಂದದ್ದನ್ನು ಅವಳು ಎಂದೂ ನೋಡಿರಲಿಲ್ಲ.

“ಅಕ್ಕಾ, ಬನ್ನಿ,” ಎಂದ. ಅಷ್ಟೇ.

ಗಂಡ ಕೂತಲ್ಲೇ ಪಕ್ಕಕ್ಕೆ ವಾಲಿದ್ದನಂತೆ. ವೈದ್ಯರು ಬರುವಷ್ಟರಲ್ಲಿ ಮುಗಿದಿತ್ತು. ಕೈಬೆರಳ ಸಂದಿಯಲ್ಲಿ ಅಂಟು ಒಣಗಿತ್ತು. ಆಮೇಲೆ ತೊಳೆದದ್ದು ಅವಳೇ.

ಮೇಸ್ತ್ರಿಯನ್ನು ಎರಡು ದಿನ ಎದುರುಮನೆಯವರು ನೋಡಿಕೊಂಡರು. ಮೂರನೆಯ ದಿನ ಅವಳು ಮನೆಗೆ ಬಂದವಳೇ ಅಡುಗೆಮನೆ, ಕೋಣೆ, ಹಿತ್ತಿಲು ಎಲ್ಲ ಹುಡುಕಿ ಬಂದಳು.

“ಅಜ್ಜೀ, ತಾತ ಎಲ್ಲಿ?”

ಆಯಮ್ಮನ ಮಗಳು, ಮೇಸ್ತ್ರಿಯ ಅಮ್ಮ, ಗೋಡೆಗೊರಗಿ ಕೂತಿದ್ದಳು. ಅವಳಿಗೆ ಬಾಯಿ ಬರಲಿಲ್ಲ. ಆಯಮ್ಮನಿಗೆ ಬಂತು. ಓದುಮನೆಯಲ್ಲಿ ಹನ್ನೊಂದು ವರ್ಷ ಪಳಗಿದ ಬಾಯಿ ಅದು.

“ದೊಡ್ಡ ಕೆಲಸ ಬಂದಿದೆ ಕಂದಾ. ದೂರ ಹೋಗಿದಾರೆ. ಬರ್ತಾರೆ.”

“ಯಾವಾಗ?”

“ಕೆಲಸ ಮುಗಿದ ಮೇಲೆ.”

ಮೇಸ್ತ್ರಿ ತಲೆಯಾಡಿಸಿದಳು. ಕೆಲಸ ಮುಗಿಯದೆ ಬರಬಾರದು ಎಂಬುದು ಅವಳಿಗೂ ಗೊತ್ತಿತ್ತು. ಅವತ್ತಿನಿಂದ ಸಾಯಂಕಾಲ ಐದೂವರೆಯ ಬಸ್ಸಿನ ಸದ್ದು ಕೇಳಿದರೆ ಸಾಕು, ಓಡಿಹೋಗಿ ಮೆಟ್ಟಿಲ ಮೇಲೆ ಕೂರುವಳು. ಬಸ್ಸಿಳಿದವರು ಒಬ್ಬೊಬ್ಬರೇ ಮೂಲೆ ತಿರುಗಿ ಮುಗಿದ ಮೇಲೂ ಕೂತೇ ಇರುವಳು. ಒಳಗೆ ಕರೆದರೆ ಬಾರಳು. ತಾತ ಬಂದ ಮೇಲೆ ಊಟ ಎನ್ನುವಳು. ತಾತ ಬಾರದಿದ್ದರೆ ಊಟವಿಲ್ಲ. ಕಣ್ಣು ಎಳೆದು ತೂಕಡಿಸತೊಡಗಿದಾಗ ಅವಳ ಅಮ್ಮ ಎತ್ತಿಕೊಂಡು ಬಂದು ಎರಡು ತುತ್ತು ತುರುಕುವಳು. ಕೊರಳ ಎಲುಬು ಕಾಣತೊಡಗಿತು.

“ಅಮ್ಮಾ, ನೀನೇ ಹೇಳಿದ್ದು ಬರ್ತಾರೆ ಅಂತ,” ಎಂದಳು ಮಗಳು. ಹೊಲಿಗೆ ಕಾರ್ಖಾನೆಯಿಂದ ಬಂದು ಇನ್ನೂ ಚೀಲ ಇಳಿಸಿರಲಿಲ್ಲ. ಅವಳ ಗಂಡ ದೂರದ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸುವವನು. “ನೀನೇ ಬಿಡಿಸು ಇದನ್ನ. ನನ್ನ ಕೈಲಾಗಲ್ಲ.”

“ನಾಲ್ಕು ದಿನ ಹೋದ್ರೆ ಮರೀತಾಳೆ.”

“ಹದಿನಾಲ್ಕು ದಿನ ಆಯ್ತು.”

ಆಯಮ್ಮ ಅವಳ ಹೆಗಲಿನ ಚೀಲ ತೆಗೆದು ಗೂಟಕ್ಕೆ ಹಾಕಿದಳು. ನಿಜ ಹೇಳಿದರೆ ಮಗು ಅಳುತ್ತದೆ. ಅಳುವ ಮಗುವನ್ನು ಕಂಡರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು. ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಮಕ್ಕಳನ್ನು ಸುಮ್ಮನಾಗಿಸುವುದರಲ್ಲಿ ಆಯಮ್ಮನ ಕೈ ಎತ್ತಿದ ಕೈ ಎಂದೇ ಎಲ್ಲರೂ ಹೊಗಳುತ್ತಿದ್ದರು.

ಇದು ಶುರುವಾಗಿದ್ದು ಒಂದು ಬಲೂನಿನಿಂದ. ಆಗ ಅವಳು ಓದುಮನೆಗೆ ಸೇರಿ ಎರಡು ತಿಂಗಳಾಗಿತ್ತು. ಪುಸ್ತಕದಲ್ಲಿ ಒಬ್ಬ ಹುಡುಗನ ಕೆಂಪು ಬಲೂನು ಕೈತಪ್ಪಿ ಹಾರಿಹೋಗುತ್ತದೆ. ಅದನ್ನು ನೋಡಿ ಚಾಪೆಯ ಮೇಲಿದ್ದ ಮಗುವೊಂದು ಅಳತೊಡಗಿ, ಅತ್ತು ಅತ್ತು ತಿಂದದ್ದನ್ನೆಲ್ಲ ಕಕ್ಕಿಕೊಂಡಿತು. ಮಗುವಿನ ತಾಯಿ ಬಂದು ಕೂಗಾಡಿದಳು. ಆಗಿನ ಮೇಡಂ ಎಲ್ಲರ ಎದುರು, “ಮಕ್ಕಳನ್ನ ಅಳಿಸೋಕಲ್ಲ ನಿನ್ನ ಇಟ್ಕೊಂಡಿರೋದು,” ಎಂದುಬಿಟ್ಟರು. ಆಯಮ್ಮ ಆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ತಂದಳು.

“ರೀ, ಈ ಎರಡು ಪುಟ ಅಂಟಿಸಿಕೊಡಿ.”

ಗಂಡ ನಕ್ಕಿದ್ದ. “ನಾನು ಬಿಟ್ಟುಹೋದ ಪುಟ ಅಂಟಿಸೋನು ಕಣೇ. ಇರೋ ಪುಟ ಮುಚ್ಚು ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ.”

ಆದರೂ ಅಂಟಿಸಿಕೊಟ್ಟ. ಬಲೂನು ಹಾರಿಹೋಗುವುದು ನಿಂತಿತು. ಅದಾದ ಮೇಲೆ ಮಳೆ ಬಂದು ನಿಂತುಹೋದ ಪ್ರವಾಸ. ಓಟದಲ್ಲಿ ಕೊನೆಗೆ ಬಂದ ಮೊಲ. ಅಲೆ ನುಂಗಿದ ಮರಳಿನ ಮನೆ. ತಮ್ಮನ ಪಾಲಾದ ಗೊಂಬೆ. ಒಂದೊಂದೇ ಪುಟ ದಪ್ಪವಾಯಿತು. ಆಯಮ್ಮನ ಓದುಮನೆಯಲ್ಲಿ ಯಾರೂ ಸೋಲುತ್ತಿರಲಿಲ್ಲ, ಯಾರದೂ ಕಳೆದುಹೋಗುತ್ತಿರಲಿಲ್ಲ. ಚಾಪೆಯ ಮೇಲೆ ಅಳುವೇ ಇರಲಿಲ್ಲ.

ಚಾಪೆಯಾಚೆ ಇತ್ತು. ಉಯ್ಯಾಲೆಯ ಸರದಿ ತಪ್ಪಿದರೆ ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದವು. ಕುರ್ಚಿಯಾಟದಲ್ಲಿ ಔಟಾದವನು ಕುರ್ಚಿಯನ್ನೇ ಎತ್ತಿ ಒಗೆದಿದ್ದ. ಈಗಿನ ಮಕ್ಕಳೇ ಹೀಗೆ ಎಂದುಕೊಂಡು ಆಯಮ್ಮ ಕೈ ತೊಳೆದುಕೊಂಡಿದ್ದಳು.

ಹದಿನೈದನೆಯ ದಿನ ಕತ್ತರಿಯಣ್ಣ ಮನೆಗೆ ಬಂದ. ಕೈಯಲ್ಲಿ ಗಂಡನ ಊಟದ ಡಬ್ಬಿ, ಕನ್ನಡಕ, ಒಂದು ಪುಸ್ತಕ.

“ಅಕ್ಕಾ, ಇದು ಒತ್ತುಯಂತ್ರದಲ್ಲೇ ಉಳಿದುಹೋಗಿತ್ತು. ಅವನು ಹೋದ ಮೇಲೆ ಅದರ ತಿರುಪು ಮುಟ್ಟೋಕೆ ಯಾರಿಗೂ ಮನಸ್ಸು ಬಂದಿರ್ಲಿಲ್ಲ. ಇವತ್ತು ಬಿಚ್ಚಿದ್ವಿ.”

ಕಪ್ಪೆಮರಿಯ ಪುಸ್ತಕ. ಆಯಮ್ಮ ತೆರೆದು ನೋಡಿದಳು. ಪುಟ ಅಂಟಿತ್ತು. ಅಂಚಿಗೆ ಅಂಚು ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂತಿತ್ತು. ಬೇಡ ಎಂದವನು, ಬೇಡ ಎಂದುಕೊಂಡೇ ಹೋಗಿ, ಅವಳು ಹೇಳಿದಂತೆ ಮಾಡಿದ್ದ. ಅವನ ಕೈಯ ಕೊನೆಯ ಕೆಲಸ ಅದು. ಸಾಯುವ ದಿನ ಅವನಿಗೆ ಇಷ್ಟವಿಲ್ಲದ ಕೆಲಸ ಮಾಡಿಸಿದ್ದಳು.

ಪುಸ್ತಕವನ್ನು ಅಲ್ಲೇ ಮಂಚದ ಮೇಲಿಟ್ಟು ಒಳಗೆ ಹೋದಳು. ಹಿಂತಿರುಗಿ ಬಂದಾಗ ಮೇಸ್ತ್ರಿ ಅದನ್ನು ಮಡಿಲಲ್ಲಿಟ್ಟುಕೊಂಡು ಪುಟಗಳನ್ನು ಬೆರಳಿನಲ್ಲಿ ತಿಕ್ಕಿ ತಿಕ್ಕಿ ನೋಡುತ್ತಿದ್ದಳು.

“ಅಜ್ಜೀ, ಇದರಲ್ಲೂ ದಪ್ಪ ಪುಟ ಇದೆ.”

“ಯಾವ ದಪ್ಪ ಪುಟ?”

“ಅದೇ, ನೀನು ಬೇಗ ಬೇಗ ತಿರುಗಿಸ್ತೀಯಲ್ಲ, ಅದು.” ಮೇಸ್ತ್ರಿ ಎದ್ದು ಕಿಟಕಿಯ ಹತ್ತಿರ ಹೋಗಿ ಆ ಪುಟವನ್ನು ಬಿಸಿಲಿಗೆ ಹಿಡಿದಳು. “ಹಿಂಗೆ ಹಿಡಿದ್ರೆ ಕಾಣತ್ತೆ. ನಾವೆಲ್ಲ ನೋಡ್ತೀವಿ. ಬಲೂನು ಮೇಲೆ ಹೋಗಿರತ್ತೆ, ಹುಡುಗ ಅಳ್ತಿರ್ತಾನೆ. ಮೊಲ ಲಾಸ್ಟು.”

“ಎಲ್ಲ ಮಕ್ಕಳಿಗೂ ಗೊತ್ತಾ?”

“ಹೂಂ. ಅಜ್ಜಿಗೆ ಹೇಳ್ಬಾರ್ದು. ಅಜ್ಜಿಗೆ ಭಯ.”

ಆಯಮ್ಮ ಕಣ್ಣೀರು ತಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದಳು. ಮಕ್ಕಳು ಕಿಟಕಿಯ ಹತ್ತಿರ ಗುಂಪು ಕೂಡಿ, ಅವಳಿಗೆ ತಿಳಿಯದಂತೆ ಕದ್ದು ನೋಡುತ್ತಿದ್ದವು. ನೋಡಿದ್ದನ್ನು ಕೇಳಲು ಅವಕ್ಕೆ ಯಾರೂ ಇರಲಿಲ್ಲ. ಕೇಳಿದರೆ ಅಜ್ಜಿ ಬೆಚ್ಚಿಬೀಳುತ್ತಾಳೆ ಎಂದು ಸುಮ್ಮನಿದ್ದವು. ಅಂಗೈಯಗಲದ ಮಕ್ಕಳು ಅವಳನ್ನು ಕಾಪಾಡುತ್ತಿದ್ದವು.

ಮೇಸ್ತ್ರಿ ಪುಸ್ತಕ ಕೆಳಗಿಳಿಸಿ ಅಜ್ಜಿಯ ಮುಖವನ್ನೇ ನೋಡಿದಳು.

“ಅಜ್ಜೀ, ತಾತನ್ನೂ ಅಂಟಿಸಿಬಿಟ್ಯಾ?”

ಆಯಮ್ಮನ ಕೈ ತಾನಾಗಿ ಅಡುಗೆಮನೆಯ ಚಾಕುವಿಗೆ ಹೋಯಿತು. ಏನು ಮಾಡುತ್ತಿದ್ದೇನೆ ಎಂಬ ಯೋಚನೆಯೂ ಇರಲಿಲ್ಲ. ದಪ್ಪ ಪುಟದ ಅಂಚಿಗೆ ಚಾಕುವಿನ ಮೊನೆ ತೂರಿಸಿ ಎಳೆದಳು. ಒಣಗಿದ ಅಂಟು ಅಂಚಿನಿಂದ ಒಳಗಿನ ಚಿತ್ರದ ತನಕ ಕಾಗದದ ಮೈಯನ್ನೂ ಕಿತ್ತುಕೊಂಡು ಬಂತು. ಬಂಡೆಯ ಅರ್ಧ ಈ ಕಡೆ, ಅರ್ಧ ಆ ಕಡೆ. ಕಪ್ಪೆಮರಿಯ ಮುಖದ ಮೇಲೆ ಬಿಳಿ ಗಾಯ.

“ಹರೀಬೇಡ! ತಾತ ಅಂಟಿಸಿದ್ದು ಅದು! ತಾತ ಬೈತಾರೆ!” ಎಂದು ಮೇಸ್ತ್ರಿ ಚೀರಿದಳು.

ಆಯಮ್ಮ ಚಾಕು ಕೆಳಗಿಟ್ಟಳು. ಅಂಚಿನ ಮುಕ್ಕಾಲು ಭಾಗ ಇನ್ನೂ ಅಂಟಿಕೊಂಡೇ ಇತ್ತು.

ಮರುದಿನ ಬೆಳಿಗ್ಗೆ ಓದುಮನೆಗೆ ಹೋಗುವ ಮೊದಲು ಬೈಂಡಿಂಗ್ ಅಂಗಡಿಗೆ ಹೋದಳು. ಗಂಡನ ಜಾಗದಲ್ಲಿ ಯಾರೋ ರಟ್ಟಿನ ಹಾಳೆಗಳನ್ನು ಒಟ್ಟಿ ಇಟ್ಟಿದ್ದರು. ಅದನ್ನು ನೋಡದಂತೆ ಬೆನ್ನು ಹಾಕಿ ನಿಂತು ಪುಸ್ತಕವನ್ನು ಕತ್ತರಿಯಣ್ಣನ ಮುಂದೆ ಹಿಡಿದಳು.

“ಚಾಕು ಹಾಕಿದ್ರಾ?” ಎಂದ ಅವನು. “ಅಯ್ಯೋ ಅಕ್ಕಾ. ಮೈದಾ ಅಂಟು ಇದು. ನೀರು ಕಂಡ್ರೆ ತಾನೇ ಬಿಡತ್ತೆ.”

ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೊಮ್ಮೆ ಹಿಂಡಿ, ಪುಟದ ಅಂಚಿನುದ್ದಕ್ಕೂ ಹಾಸಿದ. ಅಂಗೈಯಿಂದ ಮೆಲ್ಲನೆ ಒತ್ತಿದ. ನೂರು ಎಣಿಸುವಷ್ಟು ಹೊತ್ತು ಕಾದ. ಆಮೇಲೆ ಚಪ್ಪಟೆಯಾದ ಮೂಳೆಯ ಪಟ್ಟಿಯೊಂದನ್ನು ಸಂದಿಗೆ ತೂರಿಸಿ ಉದ್ದಕ್ಕೆ ಜಾರಿಸಿದ. ಪುಟ ಸದ್ದಿಲ್ಲದೆ ತೆರೆದುಕೊಂಡಿತು.

“ನೋಡಿ, ಅಂಚಿಗೆ ಮಾತ್ರ ಹಚ್ಚಿದಾನೆ. ಅದೂ ತೆಳ್ಳಗೆ. ನಿಮ್ಮ ಪುಸ್ತಕ ಎಲ್ಲಾನೂ ಹೀಗೇ ಮಾಡ್ತಿದ್ದ. ಯಾಕಯ್ಯಾ ಇಷ್ಟು ಜುಗ್ಗತನ, ಬಳಿಯೋದಾದ್ರೆ ಪೂರ್ತಿ ಬಳಿ ಅಂತ ನಾನೇ ರೇಗಿಸ್ತಿದ್ದೆ.”

“ಅದಕ್ಕೇನಂದ್ರು?”

“ಇವತ್ತಲ್ಲ ನಾಳೆ ಅವಳ ಮನಸ್ಸು ಬದಲಾಗತ್ತೆ, ಆಗ ಬಿಡಿಸೋಕೆ ಬರಬೇಕಲ್ಲಪ್ಪಾ ಅಂದ.”

ಆಯಮ್ಮ ಮೂಳೆಯ ಪಟ್ಟಿಯನ್ನೇ ನೋಡುತ್ತ ನಿಂತಳು. ಈ ಮಾತು ಕೇಳಿ ಅವಳಿಗೆ ಸಮಾಧಾನವಾಗಲಿಲ್ಲ. ಅವನು ಅವಳ ಮೇಲೆ ಒಂದು ಸಲವಾದರೂ ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕಾದಿದ್ದ. ಅವನು ಕಾದಿದ್ದು ಬಂತು, ಅವನಿರಲಿಲ್ಲ.

“ಈ ಪಟ್ಟಿ ಅವನದೇ ಅಕ್ಕಾ,” ಎಂದ ಕತ್ತರಿಯಣ್ಣ. “ತಗೊಂಡು ಹೋಗಿ.”

ಭಾನುವಾರ ಮಗಳಿಗೆ ರಜೆ. ಬೆಳಗಿನ ಬಿಸಿಲು ಮೆಟ್ಟಿಲ ತನಕ ಬಂದಿತ್ತು. ಆಯಮ್ಮ ಪುಸ್ತಕ ಹಿಡಿದು ಮೇಸ್ತ್ರಿಯ ಪಕ್ಕ ಕೂತಳು. ಮಗಳು ಬಾಗಿಲಿಗೊರಗಿ ನಿಂತಳು.

ಒಂದೊಂದೇ ಪುಟ ಆಯಿತು. ಕಪ್ಪೆಮರಿ ಆಮೆಯ ಬೆನ್ನೇರಿತು. ಕೆರೆ ಸುತ್ತಿತು. ದಪ್ಪ ಪುಟ ಇದ್ದಲ್ಲಿಗೆ ಬಂದರು. ಈಗ ಅದು ದಪ್ಪವಿರಲಿಲ್ಲ. ಗಾಯದ ಜಾಗದಲ್ಲಿ ಕಾಗದ ಒರಟಾಗಿತ್ತು, ಒದ್ದೆಯಾಗಿ ಒಣಗಿ ಸುಕ್ಕು ಬಿದ್ದಿತ್ತು. ಆಯಮ್ಮ ಖಾಲಿ ಬಂಡೆಯ ಕೆಳಗಿನ ಸಾಲಿಗೆ ಬೆರಳಿಟ್ಟು ಅಕ್ಷರ ಕೂಡಿಸಿದಳು. ಬಾಯಿಗೆ ಬಂದದ್ದು ಹೇಳಲಿಲ್ಲ. ಇದ್ದದ್ದನ್ನೇ ಓದಿದಳು.

“ಆ...ಮೆ ಸತ್...ತು...ಹೋ...ಯಿತು.”

“ಆಮೆ ಸತ್ತುಹೋಯ್ತಾ?”

“ಹೂಂ.”

“ಬೇರೆ ಕೆರೆಗೆ ಹೋಗಿಲ್ವಾ?”

“ಇಲ್ಲ. ಸತ್ತುಹೋಯ್ತು. ಮತ್ತೆ ಬರಲ್ಲ.”

ಮೇಸ್ತ್ರಿ ಕಪ್ಪೆಮರಿಯ ಕಣ್ಣೀರನ್ನು ಬೆರಳಿನಿಂದ ಮುಟ್ಟಿದಳು. ಮೂರು ಹನಿ. ಎಣಿಸಿದಳು. ಆಯಮ್ಮ ಇಲ್ಲಿ ನಿಲ್ಲಿಸಿಬಿಡಬಹುದಿತ್ತು. ಪುಟ ಮಗುಚಿ, ಬಾತುಮರಿ ನೋಡು ಎನ್ನಬಹುದಿತ್ತು. ಕೈ ಪುಟದ ಮೂಲೆಯವರೆಗೆ ಹೋಗಿಯೂ ಇತ್ತು. ತೆಗೆದಳು.

“ಮೇಸ್ತ್ರೀ, ತಾತನೂ ಸತ್ತುಹೋದ್ರು.”

“ಕೆಲಸಕ್ಕೆ ಹೋಗಿದಾರೆ ಅಂದೆ.”

“ಅದು ಸುಳ್ಳು. ನಾನು ಸುಳ್ಳು ಹೇಳ್ದೆ. ಅವತ್ತು ಅಂಗಡಿಯಲ್ಲಿ ಎದೆ ನಿಂತುಹೋಯ್ತು. ಸತ್ತುಹೋದ್ರು. ಬರಲ್ಲ.”

“ನಾಳೆ?”

“ನಾಳೆನೂ ಬರಲ್ಲ.”

“ಬುಧವಾರ?”

“ಬುಧವಾರನೂ ಬರಲ್ಲ ಕಂದಾ.”

“ನನ್ನ ಹುಟ್ಟಿದ ದಿನ?”

“ಅವತ್ತೂ ಬರಲ್ಲ.”

ತನಗೆ ಗೊತ್ತಿದ್ದ ವಾರಗಳನ್ನೆಲ್ಲ ಮೇಸ್ತ್ರಿ ಕೇಳಿದಳು. ಎಲ್ಲದಕ್ಕೂ ಆಯಮ್ಮ ಇಲ್ಲ ಎಂದಳು. ಕೇಳಲು ಇನ್ನೇನೂ ಉಳಿಯದಿದ್ದಾಗ ಮಗು ಮುಷ್ಟಿ ಕಟ್ಟಿ ಅಜ್ಜಿಯ ತೊಡೆಗೆ, ತೋಳಿಗೆ, ಎದೆಗೆ ಗುದ್ದತೊಡಗಿತು.

“ಬರ್ತಾರೆ ಅಂದೆ! ನೀನು ಬರ್ತಾರೆ ಅಂದೆ! ನಾನು ದಿನಾ ಕೂತಿದ್ದೆ!”

“ಅಂದೆ. ನೀನು ದಿನಾ ಕೂತಿದ್ದೆ.”

ಮಗಳು ಬಿಡಿಸಲು ಮುಂದೆ ಬಂದಳು. ಆಯಮ್ಮ ಬೇಡ ಎಂದು ಕೈ ಅಡ್ಡ ಹಿಡಿದಳು. ಸುಮ್ಮನಿರು ಎಂದು ಹೇಳಲಿಲ್ಲ. ಅಲ್ಲಿ ನೋಡು ಕಾಗೆ ಎಂದು ಹೇಳಲಿಲ್ಲ. ಬಾಯಲ್ಲಿ ಅಂಥವು ಹತ್ತು ಬಂದವು, ಹತ್ತನ್ನೂ ನುಂಗಿದಳು. ಮೇಸ್ತ್ರಿ ಅತ್ತು ಅತ್ತು ದನಿ ಕಟ್ಟಿ, ಕೊನೆಗೆ ಅಮ್ಮನ ಹೆಗಲ ಮೇಲೆ ನಿದ್ದೆ ಹೋದಳು.

ಆಮೇಲೆ ನಾಲ್ಕು ದಿನ ಅಜ್ಜಿಯ ಜೊತೆ ಮಾತು ಬಿಟ್ಟಳು. ಬೇಕಾದ್ದು ಬೇಡವಾದ್ದು ಎಲ್ಲ ಅಮ್ಮನ ಮೂಲಕ.

“ಅಮ್ಮಾ, ಆ ಸುಳ್ಳಜ್ಜಿಗೆ ಹೇಳು ನನ್ನ ಲೋಟ ಕೊಡೋಕೆ.”

“ಕೇಳಿಸ್ತಾ ಅಮ್ಮಾ?” ಎನ್ನುವಳು ಮಗಳು, ನಗಬೇಕೋ ಅಳಬೇಕೋ ತಿಳಿಯದೆ.

“ಕೇಳಿಸ್ತು.”

ಮಗಳು ಕೆಲಸಕ್ಕೆ ಹೋದ ಮೇಲೆ ಮಧ್ಯಸ್ಥಿಕೆಗೆ ಗೋಡೆಯೇ ಗತಿ. ಗೋಡೇ, ಸುಳ್ಳಜ್ಜಿಗೆ ಹೇಳು ನನಗೆ ಶೂ ಹಾಕೋಕೆ ಎನ್ನುವಳು. ಓದುಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆಯುವಳು. ಮುದುಕಿಗೆ ಇದು ಸಲ್ಲಬೇಕಾದದ್ದೇ. ಈ ಮಗು ಇನ್ನು ತನ್ನ ಮಾತು ನಂಬುವುದೋ ಇಲ್ಲವೋ ಎಂಬ ಒಂದೇ ಭಯ ಅವಳಿಗಿತ್ತು.

ಐದನೆಯ ದಿನ ಸಾಯಂಕಾಲ ಬಸ್ಸಿನ ಸದ್ದಾಯಿತು. ಮೇಸ್ತ್ರಿ ಎದ್ದು ಮೆಟ್ಟಿಲ ತನಕ ಹೋದಳು. ಕೂರಲಿಲ್ಲ. ಹಿಂತಿರುಗಿ ಬಂದು ಕಪ್ಪೆಮರಿಯ ಪುಸ್ತಕವನ್ನು ಅಜ್ಜಿಯ ಮಡಿಲಿಗೆ ಎಸೆದಳು.

“ಓದು. ಬಿಟ್ಟು ಬಿಟ್ಟು ಓದ್ಬೇಡ.”

ಆಯಮ್ಮ ಅಕ್ಷರ ಕೂಡಿಸಿ ಓದಿದಳು. ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಓಡಿಹೋಗಲಿಲ್ಲ. ಹರಿದ ಪುಟ ಬಂದಾಗ ಅಂಗೈ ಅಡ್ಡ ಇಟ್ಟು ಮುಂದಕ್ಕೆ ಬಿಡಲಿಲ್ಲ.

“ಕಪ್ಪೆಮರಿ ಎಷ್ಟು ದಿನ ಅಳ್ತು?”

“ಬರೆದಿಲ್ಲ. ನನಗೆ ಗೊತ್ತಿಲ್ಲ.”

“ಊಟ ಮಾಡ್ತಾ?”

“ಮಾಡಿರತ್ತೆ. ಹಸಿವಾಗಲ್ವಾ?”

“ಅಳ್ತಾ ಅಳ್ತಾನೇ?”

“ಅಳ್ತಾ ಅಳ್ತಾನೂ ಮಾಡ್ಬಹುದು.”

ಮೇಸ್ತ್ರಿ ಪುಸ್ತಕ ಮುಚ್ಚಿದಳು. “ನನಗೆ ಮೆಟ್ಟಿಲ ಮೇಲೆ ಹಾಕು,” ಎಂದಳು. ಆಯಮ್ಮ ತಟ್ಟೆಯನ್ನು ಮೆಟ್ಟಿಲಿಗೇ ತಂದಿಟ್ಟಳು. ಮಗು ಬೀದಿಯ ಮೂಲೆ ನೋಡುತ್ತ, ಮೂಗು ಸೊರಗುಟ್ಟಿಸುತ್ತ, ತಟ್ಟೆಯ ಅರ್ಧ ಖಾಲಿ ಮಾಡಿತು. ಉಳಿದರ್ಧ ಬೇಡ ಎಂದಿತು. ಆಯಮ್ಮ ಒತ್ತಾಯಿಸಲಿಲ್ಲ.

ಮರುದಿನ ಆಯಮ್ಮ ಓದುಮನೆಯ ಮೇಡಂ ಎದುರು ಹೋಗಿ ನಿಂತಳು. ಇವರು ಬಂದು ಎರಡು ವರ್ಷವಾಗಿತ್ತು. ಮೇಜಿನ ಮೇಲೆ ಬಲೂನಿನ ಪುಸ್ತಕವಿಟ್ಟು ಎಲ್ಲವನ್ನೂ ಹೇಳಿದಳು. ಒಟ್ಟು ಮೂವತ್ತೇಳು ಪುಸ್ತಕ.

“ಮೂವತ್ತೇಳಾ?” ಮೇಡಂ ಕನ್ನಡಕ ತೆಗೆದರು. “ಪುಸ್ತಕಗಳೇನು ನಿಮ್ಮ ಮನೆ ಆಸ್ತಿನಾ ಆಯಮ್ಮಾ? ಅಂಟಿಸೋಕೆ ನಿಮಗ್ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ನಾನೇ ಮಾಡ್ಸಿದೆ. ಅವರು ಬೇಡ ಅಂತಿದ್ರು.”

ಮೇಡಂ ಪುಸ್ತಕದ ದಪ್ಪ ಪುಟವನ್ನು ಬೆರಳಿನಿಂದ ತಿಕ್ಕಿ ನೋಡಿದರು. “ಮೊನ್ನೆ ಒಂದು ತುಂಡು ಚಾಕ್‌ಪೀಸ್ ಮುರಿದಿದ್ದಕ್ಕೆ ಒಂದು ಮಗು ಅರ್ಧ ಗಂಟೆ ಅಳ್ತು. ನಿಮಗೆ ನೆನಪಿದ್ಯಾ?”

“ನೆನಪಿದೆ.”

“ಎಲ್ಲಾನೂ ಬಿಡಿಸಿ. ನೀವೇ ಬಿಡಿಸ್ಬೇಕು, ಇನ್ನೊಬ್ಬರ ಕೈಗೆ ಕೊಡ್ಬೇಡಿ. ಬಿಡಿಸಿದ್ದನ್ನ ಅವತ್ತೇ ಮಕ್ಕಳಿಗೆ ಓದಿ ಹೇಳಿ.”

ಬಲೂನಿನ ಪುಸ್ತಕವೇ ಮೊದಲು. ಹನ್ನೊಂದು ವರ್ಷದ ಅಂಟು, ಎರಡು ಸಲ ಬಟ್ಟೆ ಹಾಸಬೇಕಾಯಿತು. ಹನ್ನೊಂದು ಗಂಟೆಗೆ ಚಾಪೆಯ ಮೇಲೆ ಹದಿನಾಲ್ಕು ಮಕ್ಕಳು. ಆಯಮ್ಮ ಆ ಪುಟ ತೆರೆದು ಹಿಡಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಆಮೇಲೆ ಎಲ್ಲವೂ ಅವಳ ಮುಖ ನೋಡಿದವು.

“ಹೋಯ್ತು,” ಎಂದಳು ಆಯಮ್ಮ. “ಬಲೂನು ಹೋಯ್ತು. ಸಿಗಲ್ಲ.”

ಮುಂದೆ ಕೂತಿದ್ದ ಚಿಕ್ಕವನೊಬ್ಬ ತುಟಿ ಸೊಟ್ಟಗೆ ಮಾಡಿದ. ಅತ್ತ. ಅವಳ ಕೈಕಾಲು ಮೊದಲಿನಂತೆಯೇ ತಣ್ಣಗಾದವು. ಪುಟ ಮಗುಚಲಿಲ್ಲ. ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಪುಟವನ್ನು ಹಿಡಿದೇ ಇದ್ದಳು.

“ನಂದೂ ಹೋಯ್ತು,” ಎಂದಿತು ಹಿಂದಿನಿಂದ ಒಂದು ದನಿ. “ಬಲೂನಲ್ಲ. ಬೆಕ್ಕು.”

“ನಮ್ಮಪ್ಪ ಜಾರುಬಂಡೆಗೆ ಕರ್ಕೊಂಡು ಹೋಗ್ತೀನಿ ಅಂತ ಕರ್ಕೊಂಡು ಹೋಗ್ಲಿಲ್ಲ.”

“ನನ್ನ ಹಲ್ಲು ಹೋಯ್ತು!”

“ಹಲ್ಲು ಬರತ್ತೆ ಕಣೋ ಪೆದ್ದ. ಬೆಕ್ಕು ಬರಲ್ಲ.” ಇದು ಮೇಸ್ತ್ರಿ. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಿದ್ದಳು. “ನಮ್ಮ ತಾತ ಬರಲ್ಲ. ಸತ್ತುಹೋದ್ರು.” ಇಷ್ಟು ಹೇಳಿ ಕೂತಳು. ಕೂತ ಮೇಲೆ ಮುಖ ಕೆಂಪಾಯಿತು, ಅತ್ತಳು. ಹಲ್ಲು ಹೋದವನು ಅವಳಿಗೆ ಬಾಯಿ ತೆರೆದು ಹಲ್ಲಿನ ಸಂದಿ ತೋರಿಸಿದ. ಅವಳು ಅಳುತ್ತಲೇ ಬಗ್ಗಿ ನೋಡಿದಳು.

ಆಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹನ್ನೊಂದು ವರ್ಷದಲ್ಲಿ ಈ ಚಾಪೆಯಿಂದ ಎದ್ದುಹೋದ ಮಕ್ಕಳು ಎಷ್ಟೋ. ಅವರ ಬೆಕ್ಕುಗಳ ಕತೆ ಅವಳು ಕೇಳಲೇ ಇಲ್ಲ. ಈಗ ಅವರನ್ನೆಲ್ಲ ಎಲ್ಲಿ ಹುಡುಕುವುದು? ಗಂಡನಿಗೆ ನೀವು ಹೇಳಿದ್ದೇ ಸರಿ ಎಂದು ಒಂದು ಮಾತು ಹೇಳಬೇಕಿತ್ತು. ಅದನ್ನು ಎಲ್ಲಿಗೆ ಹೋಗಿ ಹೇಳುವುದು?

ಮೇಸ್ತ್ರಿಯ ಸಿಟ್ಟು ಪೂರ್ತಿ ಇಳಿದಿಲ್ಲ. ಅಜ್ಜಿ ಏನು ಹೇಳಿದರೂ ಈಗಲೂ ಒಮ್ಮೆ ಕೇಳುತ್ತಾಳೆ, “ನಿಜವಾ, ಸುಳ್ಳಾ?” ಅಂಗಡಿ ಮುಚ್ಚಿದೆ ಎಂದರೂ ಕೇಳುತ್ತಾಳೆ, ಹಾಲು ಮುಗಿದಿದೆ ಎಂದರೂ ಕೇಳುತ್ತಾಳೆ. ಆಯಮ್ಮ ಪ್ರತಿ ಸಲವೂ ನಿಂತು ಉತ್ತರ ಕೊಡುತ್ತಾಳೆ.

ದಿನಾ ಬೆಳಿಗ್ಗೆ ಅವಳು ಓದುಮನೆಗೆ ಒಂದು ಗಂಟೆ ಮುಂಚೆ ಹೋಗುತ್ತಾಳೆ. ನೆಲ ಒರೆಸುವ ಮೊದಲು ಕಪಾಟಿನಿಂದ ಒಂದು ಪುಸ್ತಕ ತೆಗೆಯುತ್ತಾಳೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ದಪ್ಪ ಪುಟ ಸಿಗುತ್ತದೆ. ಬಟ್ಟೆ ಅದ್ದಿ, ಹಿಂಡಿ, ಮತ್ತೊಮ್ಮೆ ಹಿಂಡಿ, ಅಂಚಿನ ಮೇಲೆ ಹಾಸಿ ನೂರು ಎಣಿಸುತ್ತಾಳೆ. ಪಟ್ಟಿ ಜಾರಿಸುತ್ತಾಳೆ. ಕೆಲವು ಒಂದೇ ಸಲಕ್ಕೆ ಬಿಡುತ್ತವೆ. ಕೆಲವಕ್ಕೆ ಎರಡು ಮೂರು ಬೆಳಗು ಬೇಕಾಗುತ್ತದೆ. ತೆರೆದ ಪುಟದ ಅಂಚಿನಲ್ಲಿ ಗಂಡನ ಕುಂಚದ ಗೆರೆಗಳು ಹಾಗೇ ಇರುತ್ತವೆ. ಅವನ್ನು ಅವಳು ಒರೆಸುವುದಿಲ್ಲ. ಪುಸ್ತಕವನ್ನು ಅಗಲಕ್ಕೆ ತೆರೆದು ಕಿಟಕಿಯ ಬಿಸಿಲಿಗೆ ಇಡುತ್ತಾಳೆ, ಹನ್ನೊಂದು ಗಂಟೆಯೊಳಗೆ ಒಣಗಲಿ ಎಂದು. ಆಮೇಲೆ ಬಕೆಟ್ಟು ತಂದು ನೆಲ ಒರೆಸುತ್ತಾಳೆ.